ಸಂತ ಕ್ಯಾಸಿಯನ್ನನೂ ಸೋಂದೆಯ ಯತಿಗಳೂ

ಪ್ರಾರ್ಥನೆಯ ವಿಷಯವಾಗಿ ಮಾತನಾಡತಕ್ಕವನಿಗೆ ಅದರ ಅನುಭವವಿರಬೇಕೆಂದು ಶ್ರೋತೃಗಳು ಅಪೇಕ್ಷಿಸುವುದು ನ್ಯಾಯವೇ ಸರಿ. ನನಗೆ ಆ ಅರ್ಹತೆಯಿಲ್ಲವೆಂಬುದನ್ನು ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ. ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ದೇವರ ಮುಂದೆ ನಿಂತ ಹೊತ್ತಿಗಿಂತ ದೇವರನ್ನು ಕುರಿತ ಪುಸ್ತಕಗಳ ಮುಂದೆ ಕುಳಿತ ಹೊತ್ತೇ ನನ್ನ ಬಾಳಿನಲ್ಲಿ ಹೆಚ್ಚು. ಆದರೆ ಪ್ರಾರ್ಥನೆ ಕೈಗೂಡದವನಿಗೂ ಅದರ ವಿಷಯದಲ್ಲಿ ಒಂದು ಬಗೆಯ ತಿಳಿವಳಿಕೆ ಉಂಟು. ಬಾಯಾರಿದವನಿಗೆ ನೀರಿನ ವಿಷಯದಲ್ಲಿ ಇರುವ ತಿಳಿವಳಿಕೆ ಅಂಥದು. ಅಷ್ಟು ಬಲದಿಂದಲೇ ಈ ಹೊತ್ತು ನಾಲ್ಕು ಮಾತುಗಳನ್ನು ಆಡಲು ಹೊರಟಿದ್ದೇನೆ.

ಶಿರಸಿಯಿಂದ ಯಲ್ಲಾಪುರದ ಕಡೆಗೆ ಸುಮಾರು 20 ಕಿಲೋಮೀಟರು ಹೋದರೆ ಸೋಂದೆ ಸಿಕ್ಕುತ್ತದೆ. ಜನರು ಅದನ್ನು ಸೋದೆ ಎಂದೂ ಸ್ವಾದಿ ಎಂದೂ ಕರೆಯುವುದುಂಟು; ಸಂಸ್ಕೃತದಲ್ಲಿ ಬರೆದವರು ಸುಧಾಪುರವೆಂದರು. ಒಂದು ಕಾಲಕ್ಕೆ ಅದು ರಾಜಧಾನಿ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಬಳಿಕ ಅವನ ಸೈನ್ಯ ಸೋಂದೆಯನ್ನೂ ಹಿಡಿಯಿತು. ಅರಸನು ಗೋವೆಯ ಪೋರ್ತುಗೀಸರ ಆಶ್ರಯವನ್ನು ಹುಡುಕಿಕೊಂಡು ಹೋದನು. ಅರಮನೆ ಹೋಯಿತು, ಪೇಟೆ ಹೋಯಿತು, ಕೋಟೆಯ ಕಲ್ಲುಗಳ ನಡುವೆ ಕಾಡು ಬೆಳೆಯಿತು. ಹೋಗದೆ ಉಳಿದವು ಮೂರು ಮಠಗಳು. ಶ್ರೀ ವಾದಿರಾಜರ ದ್ವೈತ ಮಠ ಒಂದು. ಹವ್ಯಕರು ನಡೆದುಕೊಳ್ಳುವ ಸ್ವರ್ಣವಲ್ಲಿಯ ಅದ್ವೈತ ಮಠ ಇನ್ನೊಂದು. ಅಕಳಂಕರ ಪರಂಪರೆಯ ಜೈನ ಮಠ ಮತ್ತೊಂದು. ಮೂರೂ ಒಂದಕ್ಕೊಂದು ಕೆಲವೇ ಮೈಲಿಗಳ ಅಂತರದಲ್ಲಿವೆ.

ಪ್ರಾರ್ಥನೆಯ ವಿಷಯವನ್ನು ಯೋಚಿಸುವವನಿಗೆ ಇದಕ್ಕಿಂತ ಅನುಕೂಲವಾದ ಊರು ಬೇರೆ ಇರಲಾರದು. ನಾನು ಯಾರಿಗೆ ಕೈ ಮುಗಿಯಬೇಕು ಎಂದು ಅಲ್ಲಿ ಒಬ್ಬನು ಕೇಳಿದನೆಂದು ಭಾವಿಸೋಣ. ಜೈನ ಮಠದಲ್ಲಿ ದೊರೆಯುವ ಉತ್ತರ ಹೀಗೆ: ಲೋಕವನ್ನು ಸೃಷ್ಟಿಮಾಡಿದ ಈಶ್ವರನೊಬ್ಬನುಂಟೆಂದು ನಾವು ಹೇಳುವುದಿಲ್ಲ, ಗೆದ್ದವರಿಗೆ, ಸಿದ್ಧರಿಗೆ, ಆಚಾರ್ಯರಿಗೆ, ಉಪಾಧ್ಯಾಯರಿಗೆ, ಸಾಧುಗಳಿಗೆ ವಂದಿಸು, ಬೇಡಬೇಡ. ಸ್ವರ್ಣವಲ್ಲಿಯಲ್ಲಿ ದೊರೆಯುವ ಉತ್ತರ: ಪರಮಾರ್ಥದಲ್ಲಿ ನೀನೂ ಅವನೂ ಬೇರೆಯಲ್ಲ; ಆ ಅರಿವು ಮೂಡುವವರೆಗೆ ಪೂಜೆಮಾಡು, ಚಿತ್ತವನ್ನು ಶುದ್ಧಿಮಾಡಿಕೊ. ವಾದಿರಾಜರ ಮಠದಲ್ಲಿ: ಅವನು ಸ್ವಾಮಿ, ನೀನು ದಾಸ, ಈ ಭೇದ ಎಂದೆಂದಿಗೂ ಅಳಿಯದು, ಆದಕಾರಣವೇ ಭಕ್ತಿಗೆ ಅರ್ಥವುಂಟು. ಮೂರು ಉತ್ತರಗಳು ಒಂದನ್ನೊಂದು ಖಂಡಿಸುತ್ತವೆ. ಆದರೂ ಮೂರು ಕಡೆಯೂ ಸಂಜೆಯ ದೀಪ ಹತ್ತುತ್ತದೆ, ಮೂರು ಕಡೆಯೂ ಕೈಗಳು ಮುಗಿಯುತ್ತವೆ.

ಈ ಪ್ರಾಂತದ ಒಂದು ಅಡಿಕೆ ತೋಟದ ಮನೆಯಲ್ಲಿ ನಾನು ಬೆಳೆದೆ. ನಮ್ಮ ಕಡೆ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿಯುವ ಕೆಲಸ. ಹತ್ತಾರು ಜನ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತಿರುತ್ತಾರೆ. ನನ್ನ ತಾಯಿ ಅವರ ನಡುವೆ ಕುಳಿತು, ಕೈ ತನ್ನ ಪಾಡಿಗೆ ಸುಲಿಯುತ್ತಿರಲು, ಬಾಯಲ್ಲಿ ಯಾವುದಾದರೊಂದು ದೇವರ ಹಾಡನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಅದು ಯಾರಿಗಾದರೂ ಕೇಳಿಸಬೇಕೆಂದು ಹೇಳಿದ ಹಾಡಲ್ಲ.

ನಾನು ಪದವಿಯನ್ನು ಪಡೆದು ಊರಿಗೆ ಬಂದ ವರ್ಷ. ಓದಿದ್ದು ಹೊಸದು, ತಲೆಯಲ್ಲಿ ತರ್ಕದ ಬಿಸಿ. ಒಂದು ರಾತ್ರಿ ಅವಳ ಹಾಡನ್ನು ತಡೆದು ಪ್ರಶ್ನೆ ಹಾಕಿದೆ. ದೇವರಿಗೆ ಕೈಕಾಲುಗಳುಂಟೆ? ಅವನು ಸರ್ವವ್ಯಾಪಿಯಾದರೆ ಆ ಪಟದೊಳಗೆ ಹೇಗೆ ಇರುವನು? ನಮ್ಮ ಆಚಾರ್ಯರೇ ಅವನನ್ನು ನಿರ್ಗುಣನೆಂದಿಲ್ಲವೆ? ನಮ್ಮ ಮಠದ ಶಾಸ್ತ್ರವನ್ನೇ ನನ್ನ ಪಕ್ಷಕ್ಕೆ ಎಳೆದುಕೊಂಡೆ. ಬಹಳ ಹೊತ್ತು ಮಾತನಾಡಿದೆ. ಚೆನ್ನಾಗಿಯೇ ಮಾತನಾಡಿದೆನೆಂದು ಅಂದು ತೋರಿತು. ಅವಳು ಎಲ್ಲವನ್ನೂ ಕೇಳಿ, ಕತ್ತಿಯಿಂದ ಕಣ್ಣು ತೆಗೆಯದೆ, “ತಮಾ, ನೀ ಹೇಳಿದ್ದು ಸರೀನೇ ಇಕ್ಕು. ಹಂಗಾದ್ರೆ ಆನು ಯಾರಿಗೆ ಕೈ ಮುಗಿಯವು?” ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಆ ಕೊಯ್ಲು ಮುಗಿಯುವವರೆಗೆ ಅವಳು ಮತ್ತೆ ಹಾಡಲಿಲ್ಲ. ದೀಪ ಹಚ್ಚುತ್ತಿದ್ದಳು, ಹೂವು ಏರಿಸುತ್ತಿದ್ದಳು. ಹಾಡು ಮಾತ್ರ ನಿಂತಿತು. ವಾದದಲ್ಲಿ ಗೆದ್ದವನು ನಾನು. ಆ ಗೆಲವಿನ ನೆನಪು ಈಗಲೂ ನನಗೆ ಹಿತವಾಗಿಲ್ಲ.

ಕೆಲವು ವರ್ಷಗಳ ಮೇಲೆ, ಪಾಠದ ಸಿದ್ಧತೆಗಾಗಿ ಯುರೋಪಿನ ಮಧ್ಯಯುಗದ ಮಠಜೀವನವನ್ನು ಓದುತ್ತಿದ್ದಾಗ, ಸಂತ ಜಾನ್ ಕ್ಯಾಸಿಯನ್ನನ ಗ್ರಂಥ ಕೈಗೆ ಬಂತು. ಅದರಲ್ಲಿ ನನ್ನ ತಾಯಿಯ ಮಾತು ಸಿಕ್ಕಿತು.

ಕ್ಯಾಸಿಯನ್ನನು ಹುಟ್ಟಿದ್ದು ಕ್ರಿಸ್ತಶಕ 360ರ ಸುಮಾರಿನಲ್ಲಿ. ತಾರುಣ್ಯದಲ್ಲಿ ಜರ್ಮಾನಸ್ ಎಂಬ ಗೆಳೆಯನೊಡನೆ ಬೆತ್ಲೆಹೇಮಿನ ಒಂದು ಮಠವನ್ನು ಸೇರಿ, ಅಲ್ಲಿಂದ ಇಬ್ಬರೂ ಐಗುಪ್ತ ದೇಶದ ಮರುಭೂಮಿಗೆ ಹೋದರು. ಆ ಕಾಲದಲ್ಲಿ ನೈಲ್ ನದಿಯ ಪಶ್ಚಿಮಕ್ಕೆ ಸ್ಕೇಟಿಸ್ ಎಂಬ ಮರಳು ಸೀಮೆಯಲ್ಲಿ ನೂರಾರು ಮಂದಿ ತಪಸ್ವಿಗಳು ಗುಡಿಸಲುಗಳನ್ನು ಕಟ್ಟಿಕೊಂಡು ವಾಸವಾಗಿದ್ದರು. ಈಚಲು ಜಾತಿಯ ಮರದ ಗರಿಯಿಂದ ಚಾಪೆ ಬುಟ್ಟಿಗಳನ್ನು ಹೆಣೆದು, ಮಾರಿ, ಅದರಿಂದ ಬಂದುದನ್ನು ಉಂಡು, ಹೆಚ್ಚಾದುದನ್ನು ಬಡವರಿಗೆ ಕೊಡುತ್ತಿದ್ದರು. ಕೈ ಹೆಣೆಯುತ್ತಿರಲು ಬಾಯಿ ಶಾಸ್ತ್ರವಾಕ್ಯವನ್ನು ಜಪಿಸುತ್ತಿತ್ತು. ಗೆಳೆಯರಿಬ್ಬರೂ ಹಲವು ವರ್ಷ ಅವರ ನಡುವೆ ಇದ್ದು ಹಿರಿಯರ ಉಪದೇಶವನ್ನು ಕೇಳಿದರು. ಅನಂತರ ಕ್ಯಾಸಿಯನ್ನನು ಕಾನ್‌ಸ್ಟಾಂಟಿನೋಪಲ್, ರೋಮ್ ನಗರಗಳನ್ನು ಕಂಡು, 415ರ ಸುಮಾರಿಗೆ ಫ್ರಾನ್ಸ್ ದೇಶದ ಮಾರ್ಸೇಲ್ಸಿನಲ್ಲಿ ನೆಲೆಸಿ ಗಂಡಸರಿಗೊಂದು ಹೆಂಗಸರಿಗೊಂದು ಎಂದು ಎರಡು ಮಠಗಳನ್ನು ಸ್ಥಾಪಿಸಿದನು. ತಾನು ಕೇಳಿದ ಉಪದೇಶಗಳನ್ನು 24 ಸಂವಾದಗಳ ರೂಪದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಅವುಗಳಲ್ಲಿ 9 ಮತ್ತು 10ನೆಯವು ಪ್ರಾರ್ಥನೆಯನ್ನು ಕುರಿತವು. ಅವುಗಳಲ್ಲಿ ಉಪದೇಶಿಸುವವನು ಅಬ್ಬಾ ಐಸಾಕ್. ಅಬ್ಬಾ ಎಂದರೆ ತಂದೆ.

ನಮಗೂ ಆ ಮರಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಯಲ್ಲಾಪುರ, ಹಳಿಯಾಳಗಳ ಕಾಡಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕ ಖಂಡದಿಂದ ಬಂದವರು. ಅವರಲ್ಲಿ ಹಿಂದೂಗಳುಂಟು, ಮುಸಲ್ಮಾನರುಂಟು, ಕ್ರೈಸ್ತರುಂಟು. ಮೂರು ಮತದವರೂ ತಮ್ಮನ್ನು ಸಿದ್ದಿಗಳೆಂದೇ ತಿಳಿಯುತ್ತಾರೆ. ಐಗುಪ್ತದ ಆ ತಪಸ್ವಿಗಳ ನೆಲವೂ ಆಫ್ರಿಕವೇ. ಅವರಲ್ಲಿ ಬಹು ಮಾನ್ಯನಾದ ಮೋಸೆಸ್ ಎಂಬವನು ಇಥಿಯೋಪಿಯದ ಕಪ್ಪು ಮನುಷ್ಯ, ಮೊದಲು ದರೋಡೆಗಾರನಾಗಿದ್ದವನು. ಆದುದರಿಂದ ಕ್ರೈಸ್ತಸಂತರ ಮಾತು ನಮ್ಮ ಕಾಡಿಗೆ ತೀರ ಹೊರಗಿನದೆಂದು ನಾನು ಎಣಿಸುವುದಿಲ್ಲ.

ಈಗ ಕಥೆಗೆ ಬರೋಣ. 399ರಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷನಾದ ಥಿಯೋಫಿಲಸನು ಐಗುಪ್ತದ ಎಲ್ಲ ಮಠಗಳಿಗೂ ಒಂದು ಪತ್ರವನ್ನು ಕಳುಹಿಸಿದನು. ದೇವರಿಗೆ ಮನುಷ್ಯನಂತೆ ಅವಯವಗಳುಂಟೆಂದು ಭಾವಿಸುವುದು ತಪ್ಪು ಎಂಬುದು ಅದರ ತಾತ್ಪರ್ಯ. ಮರುಭೂಮಿಯ ಸರಳ ತಪಸ್ವಿಗಳಲ್ಲಿ ಅನೇಕರು, ದೇವರು ಮನುಷ್ಯನನ್ನು ತನ್ನ ರೂಪದಂತೆ ಸೃಷ್ಟಿಸಿದನೆಂಬ ಶಾಸ್ತ್ರವಾಕ್ಯವನ್ನು ಅಕ್ಷರಾರ್ಥದಲ್ಲಿಯೇ ಹಿಡಿದವರು. ಅವರಲ್ಲಿ ಸೆರಾಪಿಯೋನ್ ಎಂಬ ವೃದ್ಧನೊಬ್ಬನಿದ್ದನು. ಆತನ ತಪಸ್ಸೂ ಶೀಲವೂ ದೊಡ್ಡವು. ಕಪ್ಪದೋಕಿಯದಿಂದ ಬಂದ ವಿದ್ವಾಂಸನೊಬ್ಬನು ಆ ವಾಕ್ಯದ ಸೂಕ್ಷ್ಮಾರ್ಥವನ್ನು ಬಿಡಿಸಿ ಹೇಳಿದನು. ವೃದ್ಧನು ಒಪ್ಪಿಕೊಂಡನು. ಒಬ್ಬ ಹಿರಿಯನು ಸರಿದಾರಿಗೆ ಬಂದನೆಂದು ಎಲ್ಲರೂ ಸಂತೋಷಪಟ್ಟು, ವಂದನೆಯನ್ನು ಸಲ್ಲಿಸುವುದಕ್ಕೆ ಎದ್ದು ನಿಂತರು. ಆಗ ಆ ಮುದುಕನು ಪ್ರಾರ್ಥಿಸಲು ತೊಡಗಿದರೆ ಮನಸ್ಸಿನ ಮುಂದೆ ಏನೂ ಇಲ್ಲ. ಇಷ್ಟು ವರ್ಷ ಯಾವ ಮುಖವನ್ನು ನೋಡಿ ಮಾತನಾಡುತ್ತಿದ್ದನೋ ಆ ಮುಖ ಅಳಿಸಿಹೋಗಿತ್ತು. ಆತನು ನೆಲದ ಮೇಲೆ ಬಿದ್ದು, ತನ್ನ ದೇವರನ್ನು ಕಿತ್ತುಕೊಂಡುಬಿಟ್ಟರಲ್ಲಾ, ಇನ್ನು ಯಾರನ್ನು ಹಿಡಿದುಕೊಳ್ಳಲಿ, ಯಾರನ್ನು ಬೇಡಲಿ ಎಂದು ಅತ್ತನಂತೆ.

ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿದೆ. 1600 ವರ್ಷಗಳಾಚೆಯ ಮುದುಕನಿಗೂ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ನನ್ನ ತಾಯಿಗೂ ಒಂದೇ ದುಃಖ.

ಕ್ಯಾಸಿಯನ್ನನೂ ಜರ್ಮಾನಸನೂ ಈ ದೃಶ್ಯದಿಂದ ಕಳವಳಗೊಂಡು ಐಸಾಕನ ಬಳಿಗೆ ಹೋದರು. ಆತನ ಉತ್ತರವನ್ನು ನನ್ನ ಅನುಕೂಲಕ್ಕೆ ತಕ್ಕಂತೆ ತಿರುಗಿಸಿ ಹೇಳಬಾರದು. ಸೆರಾಪಿಯೋನನು ಮಾಡಿದ್ದೇ ಸರಿಯೆಂದು ಐಸಾಕನು ಹೇಳಲಿಲ್ಲ. ಅದು ಅಜ್ಞಾನದಿಂದಲೂ ಹಳೆಯ ರೂಢಿಯಿಂದಲೂ ಬಂದ ತಪ್ಪೆಂದೇ ಆತನ ಮತ. ರೂಪಕ್ಕೆ ಅತೀತನಾದವನನ್ನು ರೂಪದಲ್ಲಿ ಕಟ್ಟಿಹಾಕಬಾರದು. ಆದರೆ ತಪ್ಪನ್ನು ತಿದ್ದುವಷ್ಟರಿಂದ ಕೆಲಸ ಮುಗಿಯಲಿಲ್ಲವೆಂಬುದನ್ನು ಆತನು ಬಲ್ಲನು. ಹಾಗಾದರೆ ಅಲೆಯುವ ಮನಸ್ಸನ್ನು ಯಾವುದರ ಮೇಲೆ ನಿಲ್ಲಿಸೋಣವೆಂದು ಜರ್ಮಾನಸನು ಕೇಳಿದಾಗ, ಆತನು ಹಿರಿಯರಿಂದ ಪರಂಪರೆಯಾಗಿ ಬಂದ ಒಂದು ಗುಟ್ಟನ್ನು ತಿಳಿಸಿದನು. ಅದು ಬೈಬಲಿನ ಕೀರ್ತನೆಗಳ ಪೈಕಿ 70ನೆಯದರ ಮೊದಲ ವಾಕ್ಯ: ದೇವರು ಬೇಗ ಬಂದು ತನಗೆ ನೆರವಾಗಲಿ ಎಂಬಷ್ಟೇ ಅದರ ಅರ್ಥ. ಇದೊಂದನ್ನೇ ಬಿಡದೆ ಹೇಳು. ಹಸಿವಾದಾಗ ಹೇಳು, ಹೊಟ್ಟೆ ತುಂಬಿದಾಗ ಹೇಳು. ಕೋಪ ಬಂದಾಗ, ನಿದ್ರೆ ಬಾರದಾಗ, ಗರ್ವ ತಲೆಯೆತ್ತಿದಾಗ ಹೇಳು. ಮನಸ್ಸು ಬರಡಾಗಿರುವಾಗ ಹೇಳು, ಆನಂದ ಉಕ್ಕಿದಾಗಲೂ ಹೇಳು. ಕೆಲಸದಲ್ಲಿ ಹೇಳು, ಪ್ರಯಾಣದಲ್ಲಿ ಹೇಳು, ಮನೆಯ ಹೊಸ್ತಿಲ ಮೇಲೂ ಹೇಳು. ಇದು ಓದು ಬಾರದವನಿಗೂ ಸಾಧ್ಯ. ಓದಿದವನಿಗೂ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಇದೇ ಆತನ ಉಪದೇಶದ ಸಾರ. ನಮ್ಮಲ್ಲಿ ನಾಮಸ್ಮರಣೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠದ ನಿಯಮಗಳಲ್ಲಿ ಈ ವಾಕ್ಯಕ್ಕೆ ಸ್ಥಾನ ಕೊಟ್ಟನು. ರೋಮನ್ ಕ್ಯಾಥೊಲಿಕರ ನಿತ್ಯದ ಹೊತ್ತುಹೊತ್ತಿನ ಪ್ರಾರ್ಥನೆ ಈಗಲೂ ಅದರಿಂದಲೇ ಮೊದಲಾಗುತ್ತದೆ.

ಐಸಾಕನ ಇನ್ನೂ ಮೂರು ಮಾತುಗಳನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಮೊದಲನೆಯದು, ಪ್ರಾರ್ಥನೆಯ ಬಗೆಗಳು. ಮಾಡಿದ ತಪ್ಪಿಗೆ ಕ್ಷಮೆ ಬೇಡುವುದು ಒಂದು, ಇನ್ನು ಹೀಗೆ ನಡೆಯುತ್ತೇನೆಂದು ದೇವರಿಗೆ ಮಾತು ಕೊಡುವುದು ಎರಡು, ಇತರರಿಗಾಗಿ ಬೇಡುವುದು ಮೂರು, ಕೃತಜ್ಞತೆ ನಾಲ್ಕು. ನಾವು ಸಾಮಾನ್ಯವಾಗಿ ಪ್ರಾರ್ಥನೆಯೆಂದು ಕರೆಯುವ ಬೇಡಿಕೆ, ಎಂದರೆ ನನಗೆ ಇದು ಆಗಲಿ ಅದು ಬರಲಿ ಎಂಬುದು, ಈ ನಾಲ್ಕರಲ್ಲಿ ಪ್ರತ್ಯೇಕವಾಗಿ ಕಾಣಿಸುವುದೇ ಇಲ್ಲ. ಯೋಚಿಸತಕ್ಕ ವಿಷಯವಲ್ಲವೆ?

ಎರಡನೆಯದು, ಪ್ರಾರ್ಥನೆಯ ಸಿದ್ಧತೆ. ಆತ್ಮವು ಹಗುರವಾದ ಗರಿಯಂಥದು, ಒಣಗಿದ್ದರೆ ಸಣ್ಣ ಗಾಳಿಗೂ ಮೇಲಕ್ಕೇಳುವುದು, ಒದ್ದೆಯಾದರೆ ನೆಲಕ್ಕಂಟುವುದು ಎಂದು ಆತನ ಉಪಮೆ. ನಮ್ಮ ಸೀಮೆಯವರು ಬೂರುಗದ ಅರಳೆಯನ್ನು ನೆನೆದುಕೊಂಡರೆ ಸಾಕು. ಬೇಸಗೆಯಲ್ಲಿ ಕಾಯಿ ಒಡೆದಾಗ ಅದು ಯಾರ ಅಪ್ಪಣೆಯೂ ಇಲ್ಲದೆ ಮರಗಳ ಮೇಲಕ್ಕೆ ಹೋಗುತ್ತದೆ. ಅದೇ ಅರಳೆ ಮಳೆಗೆ ಸಿಕ್ಕಿದರೆ ಕೆಸರು. ಅರಳೆಗೆ ಹಾರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ನೆನೆಯದಂತೆ ನೋಡಿಕೊಂಡರಾಯಿತು. ಆದುದರಿಂದ ಪ್ರಾರ್ಥನೆಯ ಹೊತ್ತಿನಲ್ಲಿ ನಾವು ಎಂಥವರಾಗಿರಬೇಕೋ ಅದಕ್ಕೆ ಮುಂಚಿನ ಹೊತ್ತಿನಲ್ಲಿಯೂ ಅಂಥವರಾಗಿರಬೇಕು. ಹಗಲೆಲ್ಲ ಜಗಳವಾಡಿ ಸಂಜೆ ಕಣ್ಣು ಮುಚ್ಚಿದವನಿಗೆ ಕಾಣಿಸುವುದು ಆ ಜಗಳವೇ. ನನಗೆ ಪ್ರಾರ್ಥನೆ ಏಕೆ ಕೈಗೂಡಲಿಲ್ಲವೆಂಬುದಕ್ಕೆ ಇಲ್ಲಿ ಕಾರಣ ಸಿಕ್ಕಿತು. ನಾನು ಐದು ನಿಮಿಷದ ಮೌನವನ್ನು ಬಯಸಿದ್ದೆ. ಉಳಿದ ಹೊತ್ತಿನ ಬಾಳನ್ನು ಮುಟ್ಟಲು ಇಷ್ಟಪಟ್ಟಿರಲಿಲ್ಲ.

ಮೂರನೆಯದು, ತಾನು ಪ್ರಾರ್ಥಿಸುತ್ತಿದ್ದೇನೆಂಬ ಅರಿವು ಉಳಿದಿರುವವರೆಗೆ ಪ್ರಾರ್ಥನೆ ಪೂರ್ಣವಾಗಲಿಲ್ಲವೆಂಬುದು. ಇದು ಮರುಭೂಮಿಯ ತಪಸ್ವಿಗಳಿಗೆಲ್ಲ ಹಿರಿಯನಾದ ಸಂತ ಆಂಟನಿಯ ಮಾತೆಂದು ಐಸಾಕನು ಹೇಳುತ್ತಾನೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಸೋಂದೆಗೆ ಬನ್ನಿ. ಸೋಂದೆಯ ಅರಸಪ್ಪನಾಯಕನ ಕಾಲದಲ್ಲಿ ಅಲ್ಲಿ ನೆಲೆಸಿದ ಶ್ರೀ ವಾದಿರಾಜರು ಹುಟ್ಟಿದ್ದು ಕುಂದಾಪುರದ ಬಳಿಯ ಹೂವಿನಕೆರೆಯಲ್ಲಿ, 1480ರಲ್ಲಿ. ಸೋಂದೆಯಲ್ಲಿ ವೃಂದಾವನಸ್ಥರಾದದ್ದು 1600ರಲ್ಲಿ, ಎಂದರೆ 120 ವರ್ಷ ಬಾಳಿದರೆಂದು ಮಠದ ಸಂಪ್ರದಾಯ. ಫಾಲ್ಗುಣ ಬಹುಳ ತದಿಗೆಯಂದು ಅವರ ಆರಾಧನೆ ನಡೆಯುತ್ತದೆ. ಅವರ ಉಪಾಸ್ಯ ಮೂರ್ತಿ ಹಯಗ್ರೀವ. ಕಡಲೆಬೇಳೆ ಬೆಲ್ಲಗಳಿಂದ ಮಾಡಿದ ನೈವೇದ್ಯದ ಹರಿವಾಣವನ್ನು ಅವರು ತಲೆಯ ಮೇಲೆ ಹೊತ್ತು ಕುಳಿತುಕೊಳ್ಳುವರು, ದೇವರು ಬಿಳಿಯ ಕುದುರೆಯ ರೂಪದಲ್ಲಿ ಹಿಂದಿನಿಂದ ಬಂದು, ಮುಂಗಾಲುಗಳನ್ನು ಅವರ ಹೆಗಲ ಮೇಲಿರಿಸಿ ತಿಂದು ಹೋಗುವನು, ಉಳಿದುದು ಪ್ರಸಾದ. ಇದು ಎಲ್ಲರೂ ಕೇಳಿದ ಕಥೆ. ನಾನು ಅದನ್ನು ನೂರು ಸಲ ಕೇಳಿದ್ದರೂ ಒಂದು ಅಂಶವನ್ನು ಗಮನಿಸಿರಲಿಲ್ಲ. ನೈವೇದ್ಯ ತಲೆಯ ಮೇಲಿದೆ; ಬರುವವನು ಹಿಂದಿನಿಂದ ಬರುತ್ತಾನೆ. ಅರ್ಪಿಸಿದವನಿಗೆ ನೋಡುವುದಕ್ಕೆ ಅವಕಾಶವಿಲ್ಲ. ಹೆಗಲ ಮೇಲೆ ಭಾರ ಬಿತ್ತು, ತಟ್ಟೆ ಹಗುರವಾಯಿತು. ಅಷ್ಟೇ ಅವನಿಗೆ ತಿಳಿಯತಕ್ಕದ್ದು. ದೇವರು ಉಂಡನೋ ಇಲ್ಲವೋ ಎಂದು ತಿರುಗಿ ನೋಡುವ ಮನಸ್ಸು ಇನ್ನೂ ತನ್ನನ್ನೇ ನೋಡಿಕೊಳ್ಳುತ್ತಿರುವ ಮನಸ್ಸು. ಆಂಟನಿಯ ಮಾತಿಗೂ ಈ ಕಥೆಗೂ ದೂರ ಬಹಳವಿಲ್ಲವೆಂದು ನನಗೆ ತೋರುತ್ತದೆ.

ವಾದಿರಾಜರಲ್ಲಿ ಇನ್ನೊಂದು ವಿಶೇಷವುಂಟು. ಅವರು ತರ್ಕವನ್ನು ಒಲ್ಲದವರಲ್ಲ, ಹೆಸರಿನಲ್ಲಿಯೇ ವಾದವುಂಟು. ಪರಮತಗಳನ್ನು ಖಂಡಿಸುವ ‘ಯುಕ್ತಿಮಲ್ಲಿಕಾ’ ಎಂಬ ದೊಡ್ಡ ಸಂಸ್ಕೃತ ಗ್ರಂಥವನ್ನು ಬರೆದವರು ಅವರು. ಅದೇ ಕೈ ‘ಲಕ್ಷ್ಮೀಶೋಭಾನೆ’ಯನ್ನು ತಿಳಿಗನ್ನಡದಲ್ಲಿ ಬರೆಯಿತು. ನಾಲ್ಕು ನೂರು ವರ್ಷಗಳಿಂದ ನಮ್ಮ ಹೆಣ್ಣುಮಕ್ಕಳು ಅದನ್ನು ಮದುವೆಮನೆಗಳಲ್ಲಿ ಹಾಡುತ್ತಿದ್ದಾರೆ. ‘ಯುಕ್ತಿಮಲ್ಲಿಕಾ’ವನ್ನು ಓದದವರ ಬಾಯಲ್ಲಿಯೂ ಅದು ಇದೆ. ಅದ್ಭುತವಾದ ಬುದ್ಧಿ ಇದ್ದವರು, ಬುದ್ಧಿವಂತರಲ್ಲದವರ ಕೈಯಲ್ಲಿ ಹಿಡಿದುಕೊಳ್ಳಲು ಏನನ್ನೋ ಕೊಟ್ಟುಹೋದರು. ಐಸಾಕನು ಮಾಡಿದ್ದೂ ಅದನ್ನೇ. ತಿದ್ದಿದನು, ತಿದ್ದಿದ ಮೇಲೆ ಬರಿಗೈಯಲ್ಲಿ ಕಳುಹಿಸಲಿಲ್ಲ.

ಇಷ್ಟರಿಂದ ಮರುಭೂಮಿಯ ಕ್ರೈಸ್ತರೂ ಸೋಂದೆಯ ಮಾಧ್ವರೂ ಒಂದೇ ಮಾತನ್ನು ಹೇಳಿದರೆಂದು ನಾನು ಸಾಧಿಸಲು ಹೊರಟಿಲ್ಲ. ಐಸಾಕನು ಅಳಿಸಬೇಕೆಂದ ರೂಪವನ್ನೇ ವಾದಿರಾಜರು ಹಾಡಿಹೊಗಳಿದರು. ದೇವರ ಮೂರ್ತಿ ಮಾಯೆಯಲ್ಲ, ನಿತ್ಯವಾದದ್ದು ಎಂಬುದು ಅವರ ಸಿದ್ಧಾಂತ. ಈ ಭೇದವನ್ನು ಮುಚ್ಚಿಟ್ಟರೆ ಇಬ್ಬರಿಗೂ ಅಪಚಾರ. ಸೋಂದೆಯ ಮೂರು ಮಠಗಳು ತಮ್ಮ ತಮ್ಮ ಭೇದಗಳನ್ನು ಬಿಟ್ಟುಕೊಡದೆಯೇ ನೆರೆಹೊರೆಯಾಗಿ ಬಾಳಿವೆ. ನಮಗೆ ಅಷ್ಟು ಸಾಕು. ನಾನು ಹೇಳುವುದು ಸಿದ್ಧಾಂತದ ಮಾತಲ್ಲ, ವಿದ್ಯಾವಂತರ ನಡತೆಯ ಮಾತು. ಇನ್ನೊಬ್ಬರ ನಂಬಿಕೆಯನ್ನು ಪರೀಕ್ಷಿಸುವ ಹಕ್ಕು ವಿದ್ಯೆಗೆ ಉಂಟು. ಸುಳ್ಳನ್ನು ಸುಳ್ಳೆನ್ನುವ ಧರ್ಮವೂ ಉಂಟು. ಆದರೆ ಒಬ್ಬರ ಮುಷ್ಟಿಯನ್ನು ಬಿಡಿಸಿದವನು, ಆ ಕೈಗೆ ಮುಂದೇನು ಎಂಬ ಪ್ರಶ್ನೆಗೆ ಹೊಣೆಯಾಗುತ್ತಾನೆ. ನಾನು ಮುಷ್ಟಿ ಬಿಡಿಸಿ ಎದ್ದುಹೋಗಿದ್ದೆ.

ಕಳೆದ ಬೇಸಗೆಯಲ್ಲಿ ತಾಯಿಯನ್ನು ಕರೆದುಕೊಂಡು ಸೋಂದೆಗೆ ಹೋಗಿದ್ದೆ. ಅವಳಿಗೆ ಈಗ ಕಣ್ಣು ಮಂದ, ನಡೆಯುವುದು ಕಷ್ಟ. ಸ್ವರ್ಣವಲ್ಲಿಯಲ್ಲಿ ಪೂಜೆ ನೋಡಿ, ವಾದಿರಾಜರ ಮಠಕ್ಕೆ ಬಂದೆವು. ಧವಳಗಂಗೆಯ ಬಳಿಯಲ್ಲಿ ಅವಳನ್ನು ಕೂರಿಸಿ, ಇಷ್ಟು ವರ್ಷ ಬಾಯಿಗೆ ಬಾರದ ಪ್ರಶ್ನೆಯನ್ನು ಕೇಳಿದೆ: ಆ ಕೊಯ್ಲಿನ ದಿನಗಳಲ್ಲಿ ಹಾಡು ನಿಲ್ಲಿಸಿದಾಗ ಏನು ಮಾಡುತ್ತಿದ್ದೆ? ಅವಳಿಗೆ ಮೊದಲು ನೆನಪಾಗಲಿಲ್ಲ. ಆಮೇಲೆ ನಕ್ಕು, ಮಾತು ಬರುತ್ತಿರಲಿಲ್ಲ, ದೀಪ ಹಚ್ಚಿ ಸುಮ್ಮನೆ ನಿಲ್ಲುತ್ತಿದ್ದೆ, ನಿನಗೆ ಒಳ್ಳೆಯದಾಗಲಿ ಎಂಬುದೊಂದು ಮಾತ್ರ ಮನಸ್ಸಿನಲ್ಲಿರುತ್ತಿತ್ತು ಎಂದಳು. ಆ ಮೌನವನ್ನು ಐಸಾಕನು ಹೇಳುವ ಶಬ್ದವಿಲ್ಲದ ಪ್ರಾರ್ಥನೆಯೆಂದು ಕರೆಯುವ ಧೈರ್ಯ ನನಗಿಲ್ಲ. ಅದು ಬರಿಯ ದುಃಖವೇ ಇದ್ದಿರಬಹುದು. ಆದರೆ ನಾಲ್ಕು ಬಗೆಗಳಲ್ಲಿ ಮೂರನೆಯದು ಅಲ್ಲಿತ್ತು: ಇತರರಿಗಾಗಿ ಬೇಡುವುದು. ಆ ಇತರನು ನಾನು.

ನಾನು ಅವಳ ಕ್ಷಮೆಯನ್ನು ಕೇಳಿದೆ. ಅದು ಮೊದಲನೆಯ ಬಗೆ. ಯಾವ ವಿಷಯಕ್ಕೆ ಕ್ಷಮೆಯೆಂದು ಅವಳಿಗೆ ಪೂರ್ತಿ ತಿಳಿಯಲಿಲ್ಲವೆಂದು ಕಾಣುತ್ತದೆ. ಸಂಜೆಯಾಯಿತು, ಬಸ್ಸಿಗೆ ಹೊತ್ತಾಯಿತೆಂದು ನನ್ನ ತೋಳು ಹಿಡಿದು ಎದ್ದಳು. ದಾರಿಯಲ್ಲಿ ಅವಳ ತುಟಿ ಅಲುಗುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಳೆಂದು ನಾನು ಕೇಳಲಿಲ್ಲ. ಈ ಸಲ ತಡೆಯಲೂ ಇಲ್ಲ.

ಶ್ರೋತೃಗಳಲ್ಲಿ ಪ್ರಾರ್ಥನೆ ಬಲ್ಲವರಿಗೆ ನಾನು ಹೇಳತಕ್ಕದ್ದೇನೂ ಇಲ್ಲ. ನನ್ನಂತೆ ಬಾರದವರಿಗೆ ಇಷ್ಟು: ನಮ್ಮ ಮನೆಯಲ್ಲಿ ಅದು ಬಲ್ಲವರು ಯಾರಾದರೂ ಇದ್ದರೆ, ಅವರ ಬಳಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳೋಣ.